ಇಪ್ಪತ್ತೇಳು ಮೆಟ್ಟಿಲು

ನನ್ನ ವಾರಗಿತ್ತಿಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಮೊದಲೇ ಹೇಳಿಬಿಟ್ಟರೆ ಆಮೇಲೆ ಸುತ್ತಿ ಬಳಸಿ ಮಾತಾಡುವ ತಾಪತ್ರಯ ಇರುವುದಿಲ್ಲ. ಅವಳು ಕೆಟ್ಟವಳಾಗಿದ್ದರೆ ನನಗೆ ಎಷ್ಟೋ ಅನುಕೂಲವಾಗುತ್ತಿತ್ತು. ಕೆಟ್ಟವರ ಮೇಲೆ ಉರಿದುಬಿದ್ದರೆ ನಾಲ್ಕು ಜನ ನಮ್ಮ ಕಡೆ ಬರುತ್ತಾರೆ. ಒಳ್ಳೆಯವಳ ಮೇಲೆ ಹೊಟ್ಟೆ ಉರಿದುಕೊಳ್ಳುವ ಕೆಲಸವನ್ನು ಮಾತ್ರ ನಾವೊಬ್ಬರೇ ಮಾಡಬೇಕು.

ಅವಳು ನನ್ನ ಮೈದುನನ ಹೆಂಡತಿ, ನನಗಿಂತ ಹನ್ನೆರಡು ವರ್ಷ ಚಿಕ್ಕವಳು. ಮೂರು ವರ್ಷದ ಹಿಂದೆ ನಮ್ಮ ಮನೆಗೆ ಬಂದಾಗ ಮೂರನೆಯ ಮಹಡಿ ಹತ್ತುವಷ್ಟರಲ್ಲಿ ಎರಡು ಸಲ ಗೋಡೆ ಹಿಡಿದು ನಿಂತಿದ್ದಳು. ನನ್ನ ಗಂಡ ಲಿಫ್ಟ್ ರಿಪೇರಿ ಮಾಡುವವನು, ನಾವಿರುವ ಕಟ್ಟಡಕ್ಕೆ ಮಾತ್ರ ಲಿಫ್ಟ್ ಇಲ್ಲ. ಅವಳಿಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಸ್ಟೂಲಿನ ಮೇಲೆ ಕೂತು ಬಂದವರಿಗೆ ಅಕ್ಷರದ ಹಲಗೆ ಓದಿಸುವುದು, ಗಾಜು ಉಜ್ಜಿ ಫ್ರೇಮಿಗೆ ಕೂರಿಸುವುದು. "ಹೀಗೇ ಕೂತಿದ್ರೆ ಸೊಂಟ ಹಿಡ್ಕೊಳ್ಳುತ್ತೆ, ಬೆಳಿಗ್ಗೆ ನನ್ನ ಜೊತೆ ಓಡೋಕೆ ಬಾ" ಎಂದು ಕೈ ಹಿಡಿದು ಎಳೆದುಕೊಂಡು ಹೋದವಳು ನಾನೇ. ಲೇಸು ಹೇಗೆ ಕಟ್ಟಬೇಕು, ಏರಿನಲ್ಲಿ ಹೆಜ್ಜೆ ಎಷ್ಟು ಚಿಕ್ಕದಿರಬೇಕು, ಇಳಿಜಾರಿನಲ್ಲಿ ಕಣ್ಣು ಎಲ್ಲಿರಬೇಕು, ಎಲ್ಲವನ್ನೂ ಹೇಳಿಕೊಟ್ಟೆ. ಮೊದಲ ತಿಂಗಳು ನೀರಿನ ಟ್ಯಾಂಕಿನವರೆಗೂ ಬರಲಾರದೆ ರಸ್ತೆ ಪಕ್ಕ ಕೂತು ಅತ್ತಳು. ಎಷ್ಟು ಚೆನ್ನಾಗಿತ್ತು ಆ ತಿಂಗಳು!

ಎರಡನೆಯ ವರ್ಷಕ್ಕೆ ನನ್ನ ಪಕ್ಕದಲ್ಲಿ ಓಡುತ್ತಿದ್ದಳು. ಮೂರನೆಯ ವರ್ಷಕ್ಕೆ ನನ್ನ ಜೊತೆ ಮಾತಾಡಿಕೊಂಡು ಓಡುತ್ತಿದ್ದಳು. ಓಡುವವರಿಗೆ ಗೊತ್ತು, ಮಾತಾಡಿಕೊಂಡು ಓಡುವುದು ಎಷ್ಟು ದೊಡ್ಡ ಸಂಗತಿ ಅಂತ. ನನಗೆ ಉತ್ತರ ಕೊಡುವಷ್ಟು ಉಸಿರು ಉಳಿದಿರುತ್ತಿರಲಿಲ್ಲ, ಅವಳು ಅಂಗಡಿಗೆ ಬಂದ ಯಾವುದೋ ಅಜ್ಜ ಕನ್ನಡಕ ಹಾಕಿಕೊಂಡೇ ಕನ್ನಡಕ ಹುಡುಕಿದ ಕಥೆ ಹೇಳಿಕೊಂಡು, ನಡುವೆ ನಕ್ಕು, ಏರು ಹತ್ತುತ್ತಿದ್ದಳು.

ಇನ್ನು ನಮ್ಮ ಅತ್ತೆ. ನಾನು ಓಡಲು ಶುರುಮಾಡಿದ ಕಾಲದಲ್ಲಿ ಅವರು ಮೂಗು ಮುರಿಯದ ದಿನವಿಲ್ಲ. "ಮನೆ ಹೆಂಗಸಿಗೆ ಯಾರು ಅಟ್ಟಿಸ್ಕೊಂಡು ಬರ್ತಿದಾರೆ ಅಂತ ಹೀಗೆ ಓಡೋದು?" ಎನ್ನುತ್ತಿದ್ದರು. ಆರು ವರ್ಷ ಸತತವಾಗಿ ಬೆಟ್ಟದ ಓಟದಲ್ಲಿ ಹೆಂಗಸರ ಪೈಕಿ ನಾನೇ ಮೊದಲು ಬಂದೆ. ಆರು ಕಪ್ಪುಗಳು ಅಡುಗೆಮನೆಯ ಅಟ್ಟದ ಮೇಲಿವೆ. ಒಂದರಲ್ಲಿ ಅತ್ತೆ ಗುಂಡಿ, ಪಿನ್ನು, ದಾರ ಹಾಕಿಟ್ಟುಕೊಂಡಿದ್ದಾರೆ. ಅದೇ ಅತ್ತೆ ಈಗ ಚಿಕ್ಕ ಸೊಸೆ ಓಡಿ ಬಂದ ತಕ್ಷಣ ಅವಳ ಬೂಟಿಗೆ ಪೇಪರು ತುರುಕಿ ಬಿಸಿಲಿಗಿಡುತ್ತಾರೆ. ಮಾವನ ಹಳೆಯ ಕೈಗಡಿಯಾರ ಹಿಡಿದುಕೊಂಡು ಬಾಲ್ಕನಿಯಲ್ಲಿ ನಿಂತು ಅವಳ ಸಮಯ ನೋಡುತ್ತಾರೆ. "ಜಿಂಕೆ ಬಂತು ನೋಡು" ಎಂದು ಅವರೇ ಹೆಸರಿಟ್ಟರು. ಆರು ವರ್ಷ ಗೆದ್ದರೂ ನನಗೆ ಒಂದು ಪ್ರಾಣಿಯ ಹೆಸರೂ ಸಿಗಲಿಲ್ಲ.

ಸರಿ, ಓಟದ ವಿಷಯಕ್ಕೆ ಬರುತ್ತೇನೆ. ನಮ್ಮ ಸುತ್ತಲಿನ ಬೆಟ್ಟಗಳ ಮೇಲೆ ಹಳೆಯ ಕಾಲದವರು ಕಟ್ಟಿಬಿಟ್ಟು ಹೋದದ್ದು ಒಂದೆರಡಲ್ಲ. ನೀರು ಹರಿಸಲು ಕಟ್ಟಿದ ಕಲ್ಲಿನ ಕಮಾನುಗಳ ಸಾಲು, ಗೋಡೆಯಲ್ಲಿ ಬೇಟೆಯ ಚಿತ್ರಗಳಿರುವ ಗುಹೆಗಳು, ನಾಲ್ಕು ಕಾವಲು ಗೋಪುರ, ಒಂದು ಕೋಟೆ, ಒಂದು ಸೇತುವೆ. ಇವೆಲ್ಲವನ್ನೂ ಪೋಣಿಸಿದಂತೆ ಒಂದು ಕಾಲುದಾರಿ ಇದೆ, ಅರವತ್ತನಾಲ್ಕು ಕಿಲೋಮೀಟರು. ವರ್ಷಕ್ಕೊಂದು ಸಲ ಅದರ ಮೇಲೆ ಓಟ. ಬೆಳಕು ಹರಿಯುವಾಗ ಹೊರಟರೆ ಗಟ್ಟಿಗರು ಮಧ್ಯಾಹ್ನದ ಹೊತ್ತಿಗೆ ಮುಗಿಸುತ್ತಾರೆ, ಉಳಿದವರು ಸಂಜೆಗೆ ಕುಂಟಿಕೊಂಡು ಬರುತ್ತಾರೆ.

ಈ ಓಟಕ್ಕೊಂದು ಕಟ್ಟಳೆ ಇದೆ, ಬೇರೆಲ್ಲೂ ಇರಲಿಕ್ಕಿಲ್ಲ. ಹಳೆಯ ಕಟ್ಟಡಗಳ ಒಳಗೆ ಓಡುವಂತಿಲ್ಲ. ಹಗ್ಗ ಕಟ್ಟಿದ ಜಾಗ ಬಂತೆಂದರೆ ನಡೆಯಬೇಕು, ಒಬ್ಬರ ಹಿಂದೆ ಒಬ್ಬರು, ಮುಂದಿದ್ದವರನ್ನು ದಾಟುವ ಹಾಗಿಲ್ಲ. ಓಡಿದರೆ ಹದಿನೈದು ನಿಮಿಷ ದಂಡ. ಮೊದಲ ವರ್ಷ ಯಾರೋ ಪುಣ್ಯಾತ್ಮ ಕೋಟೆಯೊಳಗೆ ಓಡುತ್ತಾ ಮೊಣಕೈ ತಗುಲಿಸಿ ಕಲ್ಲಿನ ಸಿಂಹದ ಮೂಗು ಹಾರಿಸಿದ್ದ. ಅಂದಿನಿಂದ ಈ ನಿಯಮ. ಎದೆ ಡವಗುಟ್ಟುತ್ತಿರುವಾಗ, ನೀವು ಹಿಂದೆ ಹಾಕಬೇಕೆಂದು ಹಲ್ಲು ಕಚ್ಚಿಕೊಂಡಿರುವ ಮನುಷ್ಯನ ಬೆನ್ನು ನೋಡುತ್ತಾ ಹತ್ತು ನಿಮಿಷ ಸುಮ್ಮನೆ ನಡೆಯುವುದಿದೆಯಲ್ಲ, ಅದರ ಕಷ್ಟ ನಡೆದವರಿಗೇ ಗೊತ್ತು.

ಸಿಂಹಕ್ಕೆ ಮೂಗು ಅಂಟಿಸಿದವರು ನಮ್ಮ ಮೇಸ್ತ್ರಿ. ಗಾರೆ ಕಲಸಿಕೊಟ್ಟವಳು ನಾನು. ನನ್ನ ಕೆಲಸವೇ ಅದು, ಹಳೆಯ ಕಟ್ಟಡಗಳ ದುರಸ್ತಿ. ಹದಿನೆಂಟು ವರ್ಷಕ್ಕೆ ಮೇಸ್ತ್ರಿಯ ಹತ್ತಿರ ಮರಳು ಜರಡಿ ಹಿಡಿಯಲು ಸೇರಿದವಳು, ಈಗ ಕಲ್ಲು ಕೂರಿಸುತ್ತೇನೆ. ಹಳೆಯ ಗೋಡೆಗೆ ಸಿಮೆಂಟು ಹಾಕುವಂತಿಲ್ಲ, ಸುಣ್ಣದ ಗಾರೆಯೇ ಆಗಬೇಕು. ಸುಣ್ಣವನ್ನು ಗುಂಡಿಯಲ್ಲಿ ನೀರು ಹಾಕಿ ಅರಳಿಸಿ ತಿಂಗಳುಗಟ್ಟಲೆ ಕೊಳೆಹಾಕಬೇಕು, ಆಮೇಲೆ ಅಳೆದು ಮರಳು ಸೇರಿಸಿ ತುಳಿಯಬೇಕು. ಹಾಕಿದ ಮೇಲೂ ಒದ್ದೆ ಗೋಣಿ ಹೊದಿಸಿ ಕಾಯಬೇಕು. ಅದು ತನಗೆ ಮನಸ್ಸು ಬಂದಾಗ ಗಟ್ಟಿಯಾಗುತ್ತದೆ. ಕಣ್ಣಿಗೆ ಗಟ್ಟಿಯೆಂದು ಕಂಡರೂ ಒಳಗೆ ಹಸಿ ಇರಬಹುದು, ಅದು ಕೂರಿಸಿದವರ ಕೈಗೆ ಮಾತ್ರ ಗೊತ್ತಾಗುತ್ತದೆ. ಈ ಒಂದು ಮಾತನ್ನು ನೆನಪಿಟ್ಟುಕೊಳ್ಳಿ, ಏಕೆಂದರೆ ಮುಂದೆ ನಾನು ಮಾಡಿದ ಹಲ್ಕಾ ಕೆಲಸಕ್ಕೆ ಇದೇ ಆಧಾರ.

ಕೋಟೆಯ ಮೇಲಿನ ಹಜಾರದಿಂದ ಕೆಳಗಿನ ಬಾಗಿಲಿಗೆ ಇಳಿಯಲು ಹಿಂದೆ ಮೆಟ್ಟಿಲಿತ್ತು. ನಾನು ಹುಟ್ಟುವ ಮೊದಲೇ ಕುಸಿದುಹೋಗಿತ್ತು. ಓಟದವರೆಲ್ಲ ಹೊರಗೋಡೆಯನ್ನು ಬಳಸಿ ಹೋಗುವ ಕುದುರೆದಾರಿಯಲ್ಲಿ ಇಳಿಯುತ್ತಿದ್ದರು. ಈ ವರ್ಷ ಆ ಮೆಟ್ಟಿಲನ್ನು ಮತ್ತೆ ಕಟ್ಟಿದೆವು. ಇಪ್ಪತ್ತೇಳು ಮೆಟ್ಟಿಲು. ಗಾರೆ ಮೇಸ್ತ್ರಿಯದು, ಕಲ್ಲು ಕೂರಿಸಿದ್ದು ಪೂರ್ತಿ ನಾನು. "ಇದು ನಿಂದೇ ಕೆಲಸ, ನಾನು ಕೈ ಹಾಕಲ್ಲ" ಎಂದು ಮೇಸ್ತ್ರಿ ಕಲ್ಲಿನ ರಾಶಿಯ ಮೇಲೆ ಕೂತುಬಿಟ್ಟರು. ಬಿದ್ದಿದ್ದ ಹಳೆಯ ಕಲ್ಲುಗಳನ್ನೇ ಒಂದೊಂದಾಗಿ ಹುಡುಕಿ, ಯಾವುದು ಯಾವುದರ ಮೇಲಿತ್ತು ಎಂದು ಸವೆತ ನೋಡಿ ಗುರುತಿಸಿ, ಐದು ತಿಂಗಳು ಕೂರಿಸಿದೆ. ಕೊನೆಯ ಕಲ್ಲು ಇಟ್ಟು ಓಟದ ದಿನಕ್ಕೆ ಸರಿಯಾಗಿ ಎಪ್ಪತ್ತು ದಿನವಾಗಿತ್ತು. ಹಳೆಯ ಕಟ್ಟಡಗಳ ಕಚೇರಿಯವರು ಬಂದು ನೋಡಿ ಒಪ್ಪಿಗೆ ಕೊಟ್ಟರು. ಓಟದ ಸಮಿತಿಯವರು ಬೋರ್ಡು ಹಾಕಿದರು: ಮೆಟ್ಟಿಲಿನಲ್ಲಾದರೂ ಇಳಿಯಿರಿ, ಮೊಣಕಾಲು ನೋವಿರುವವರು ಕುದುರೆದಾರಿಯಲ್ಲಾದರೂ ಹೋಗಿರಿ, ಎರಡೂ ಸರಿ. ಕುದುರೆದಾರಿಯಲ್ಲಿ ಓಡಬಹುದು, ಆದರೂ ಮೆಟ್ಟಿಲಿಗಿಂತ ಐದು ನಿಮಿಷ ಹೆಚ್ಚೇ ಹಿಡಿಯುತ್ತದೆ.

ಓಟದ ದಿನ ಬೆಳಿಗ್ಗೆ ನಾವಿಬ್ಬರೂ ಒಂದೇ ಆಟೋದಲ್ಲಿ ಹೋದೆವು. ಅವಳು ನನ್ನ ಬೆನ್ನಿನ ನಂಬರಿಗೆ ಪಿನ್ನು ಚುಚ್ಚಿದಳು, ಬಟ್ಟೆ ಎಳೆಯದ ಹಾಗೆ, ನೀಟಾಗಿ. "ಅಕ್ಕ, ಏಳನೇ ಸಲ ನಿಮ್ಮದೇ" ಎಂದಳು. ಮನಸ್ಸಿನಿಂದಲೇ ಅಂದಳು, ಅದನ್ನೇ ನನಗೆ ತಡೆಯಲಾಗಲಿಲ್ಲ. ಅತ್ತೆ ಗಡಿಯಾರ ಹಿಡಿದುಕೊಂಡು ಕೊನೆಯ ಗೆರೆಯ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂರುವುದಾಗಿ ಹೇಳಿದ್ದರು. ಆರು ವರ್ಷದಲ್ಲಿ ಒಂದು ಸಲವೂ ಬಂದಿರಲಿಲ್ಲ.

ಕಮಾನುಗಳವರೆಗೆ ಜೊತೆಯಲ್ಲಿದ್ದೆವು. ಗುಹೆಯ ಏರಿನಲ್ಲಿ ಅವಳು ಮುಂದಾದಳು. ಎರಡನೆಯ ಕಾವಲು ಗೋಪುರದ ಹತ್ತಿರ ಅವಳ ಹಳದಿ ಟೋಪಿ ಮೇಲಿನ ತಿರುವಿನಲ್ಲಿ ಕಂಡಿತು, ಮೂರನೆಯ ಗೋಪುರದಲ್ಲಿ ಅದೂ ಇಲ್ಲ. ನನ್ನ ಎಡ ತೊಡೆ ಗಂಟು ಕಟ್ಟುತ್ತಿತ್ತು. ನೀರು ಕೊಡುವವನೊಬ್ಬ "ನಿಮ್ಮ ಮನೆಯವರು ಮೂರು ನಿಮಿಷ ಮುಂದಿದಾರೆ" ಎಂದು ಹಲ್ಲು ಬಿಟ್ಟ. ಅವನ ಲೋಟ ಅವನಿಗೇ ಎಸೆಯಬೇಕೆನಿಸಿತು. ಮೂರು ನಿಮಿಷ. ನಾನೇ ಹೇಳಿಕೊಟ್ಟ ಹೆಜ್ಜೆ ಹಾಕಿಕೊಂಡು, ನಾನೇ ಆರಿಸಿಕೊಟ್ಟ ಬೂಟು ತೊಟ್ಟುಕೊಂಡು.

ನಲವತ್ತೆಂಟನೆಯ ಕಿಲೋಮೀಟರಿಗೆ ಕೋಟೆಯ ಬಾಗಿಲು. ಅಲ್ಲಿ ಹಗ್ಗದ ಪಕ್ಕ ಅವಳು ನಿಂತಿದ್ದಳು! ಕಾಲು ಉಳುಕಿತೇನೋ ಎಂದುಕೊಂಡೆ. ಸುಳ್ಳು ಯಾಕೆ ಹೇಳಲಿ, ಹಾಲು ಕುಡಿದಷ್ಟು ಸಂತೋಷವಾಯಿತು.

"ಏನಾಯ್ತೇ?"

"ಏನಿಲ್ಲ ಅಕ್ಕ. ನಿಮಗೋಸ್ಕರ ನಿಂತೆ." ಕೈಯಲ್ಲಿ ಅರ್ಧ ಸುಲಿದ ಕಿತ್ತಳೆ ಇತ್ತು. ನಾಲ್ಕು ತೊಳೆ ನನ್ನ ಕೈಗಿಟ್ಟಳು. "ನಿಮ್ಮ ಮೆಟ್ಟಿಲನ್ನ ನಿಮ್ಮ ಜೊತೇಲೇ ಇಳೀಬೇಕು ಅಂತ ಆಸೆ ಇತ್ತು. ಐದು ತಿಂಗಳು ಮನೇಲಿ ಅದೇ ಮಾತು ಕೇಳಿದೀನಲ್ಲ."

ನೀವೇ ಹೇಳಿ. ಗೆಲ್ಲುವವಳು ಸೋಲುವವಳಿಗಾಗಿ ಕಾದು ನಿಂತು ಕಿತ್ತಳೆ ಸುಲಿದುಕೊಡುವುದಕ್ಕಿಂತ ದೊಡ್ಡ ಅವಮಾನ ಉಂಟೆ? ಅವಳಿಗೆ ಅವಮಾನ ಮಾಡಬೇಕೆಂಬ ಯೋಚನೆಯ ಲವಲೇಶವೂ ಇರಲಿಲ್ಲ. ಇದ್ದಿದ್ದರೆ ನಾನು ಆ ತೊಳೆಗಳನ್ನು ಅವಳ ಮುಖಕ್ಕೆ ಎಸೆದು ಹಗುರಾಗುತ್ತಿದ್ದೆ. ಹಸಿವಾಗಿತ್ತು, ತಿಂದುಬಿಟ್ಟೆ. ಸಿಹಿಯಾಗಿತ್ತು, ಅದಕ್ಕೂ ಸಿಟ್ಟು ಬಂತು.

ಅವಳು ಮೊದಲು ಹಗ್ಗ ದಾಟಿದಳು. ನಿಯಮದ ಪ್ರಕಾರ ನಾನು ಹಿಂದೆ. ಅಂಗಳ, ಲಾಯ, ಉದ್ದನೆಯ ಹಜಾರ, ಎಲ್ಲ ಕಡೆ ನನ್ನ ಕಣ್ಣ ಮುಂದೆ ಅವಳ ಬೆನ್ನು. ಒಂದೇ ಲಯದ ಉಸಿರು. ನನ್ನ ಉಸಿರು ಹಜಾರದ ಗೋಡೆಗೆಲ್ಲ ಕೇಳಿಸುತ್ತಿತ್ತು. ಕೋಟೆಯ ನಂತರ ಹದಿನಾರು ಕಿಲೋಮೀಟರು ಸುಮಾರಾಗಿ ಸಪಾಟು ದಾರಿ, ಅಲ್ಲಿ ಅವಳನ್ನು ಹಿಡಿಯುವ ಮಾತೇ ಇಲ್ಲ. ಸಂಜೆ ಮನೆಯಲ್ಲಿ ಏನೇನು ನಡೆಯುತ್ತದೆ ಎಂದು ಒಂದೊಂದಾಗಿ ಕಣ್ಣಿಗೆ ಕಟ್ಟಿತು. ಅತ್ತೆ ಅವಳ ಕಪ್ಪನ್ನು ಟೀವಿಯ ಮೇಲೆ ಇಡುತ್ತಾರೆ. ಅದರಲ್ಲಿ ಗುಂಡಿ, ಪಿನ್ನು ಹಾಕುವುದಿಲ್ಲ. ನನಗೆ ನಲವತ್ಮೂರು ವರ್ಷ, ಅವಳಿಗೆ ಮೂವತ್ತೊಂದು. ಈ ಸಲ ಹೋದರೆ ಇನ್ನು ಮೇಲೆ ನನ್ನ ಪಾಲಿಗಿಲ್ಲ. ಇದ್ದದ್ದು ಇದೊಂದೇ, ಇದೂ ಅವಳಿಗೆ.

ಹಜಾರ ಮುಗಿದು ಮೆಟ್ಟಿಲಿನ ತಲೆಗೆ ಬಂದೆವು. ಅಲ್ಲಿ ಕಾವಲಿನವರು ಯಾರೂ ಇರಲಿಲ್ಲ, ಕೆಳಗಿನ ಬಾಗಿಲಲ್ಲಿ ಮಾತ್ರ ಓಟದವರ ಚೀಟಿಗೆ ಮುದ್ರೆ ಒತ್ತುವವನೊಬ್ಬ. ಅವಳು ನಿಂತು ಕೆಳಗೆ ನೋಡಿದಳು.

"ಅಕ್ಕ, ಎಷ್ಟು ಚೆನ್ನಾಗಿದೆ!" ಎಂದು ಮೊದಲ ಮೆಟ್ಟಿಲಿಗೆ ಕಾಲೆತ್ತಿದಳು.

"ನಿಲ್ಲು!" ಎಂದೆ. ಅದನ್ನು ಹೇಳಿದ್ದು ನಾನು ಎಂದು ನನಗೇ ತಡವಾಗಿ ಗೊತ್ತಾಯಿತು. ಅವಳು ಎತ್ತಿದ ಕಾಲನ್ನು ಹಾಗೇ ಹಿಂದಕ್ಕೆಳೆದುಕೊಂಡಳು. "ಗಾರೆ ಇನ್ನೂ ಕೂತಿಲ್ಲ. ಮೇಲೆ ಗಟ್ಟಿ ಕಾಣುತ್ತೆ, ಒಳಗೆ ಹಸಿ. ಕಾಲಿಟ್ಟ ಕಡೆ ಕಲ್ಲು ಜಾರಿದ್ರೆ ಮೊಣಕಾಲು ಹೋಗುತ್ತೆ."

"ಅಯ್ಯೋ! ಮತ್ತೆ ನೀವು?"

"ನಾನು ಕೂರಿಸಿದ್ದಲ್ವಾ, ಎಲ್ಲಿ ಕಾಲಿಡ್ಬೇಕು ಅಂತ ನನಗೆ ಗೊತ್ತು. ನಿನಗೆ ಗೊತ್ತಿಲ್ಲ. ನೀನು ಕುದುರೆದಾರೀಲಿ ಹೋಗು."

ಅವಳು ಮತ್ತೊಂದು ಪ್ರಶ್ನೆ ಕೇಳಲಿಲ್ಲ. ಎಪ್ಪತ್ತು ದಿನವಾಯಿತಲ್ಲ ಎನ್ನಲಿಲ್ಲ, ಬೋರ್ಡಿನಲ್ಲಿ ಹಾಗೆ ಬರೆದಿದೆಯಲ್ಲ ಎನ್ನಲಿಲ್ಲ. "ಸರಿ ಅಕ್ಕ. ಹುಷಾರಾಗಿ ಇಳೀರಿ" ಎಂದು ಎಡಕ್ಕೆ ತಿರುಗಿದಳು. ಮುಖದಲ್ಲಿ ಇದ್ದದ್ದು ಮೆಟ್ಟಿಲು ಇಳಿಯಲಾಗಲಿಲ್ಲವಲ್ಲ ಎಂಬ ಬೇಸರ ಮಾತ್ರ.

ನಾನು ಇಳಿದೆ. ಇಪ್ಪತ್ತೇಳು ಮೆಟ್ಟಿಲು, ಒಂದೂ ಅಲುಗಲಿಲ್ಲ. ಆನೆ ಹಿಂಡು ಇಳಿದರೂ ಅಲುಗುತ್ತಿರಲಿಲ್ಲ. ಹನ್ನೊಂದನೆಯ ಕಲ್ಲಿನ ಅಂಚಿನಲ್ಲಿ ಹಳೆಯ ಕಾಲದ ಯಾವನೋ ಕಲ್ಲುಕುಟಿಗ ತನ್ನ ಗುರುತಿಗೆ ಒಂದು ಸಣ್ಣ ಮೀನು ಕೆತ್ತಿದ್ದಾನೆ. ಆ ಕಲ್ಲನ್ನು ಕೂರಿಸುವಾಗ ಮೂರು ದಿನ ತೆಗೆದುಕೊಂಡಿದ್ದೆ. ಅದರ ಮೇಲೆ ಕಾಲಿಡುವಾಗ ಮುಖ ಬೇರೆ ಕಡೆ ತಿರುಗಿಸಿಕೊಂಡೆ.

ಕೆಳಗಿನ ಬಾಗಿಲಲ್ಲಿ ಮುದ್ರೆ ಒತ್ತಿಸಿಕೊಂಡು ಓಡಿದೆ. ಹೇಗೆ ಓಡಿದೆನೋ ಗೊತ್ತಿಲ್ಲ. ಸಪಾಟು ದಾರಿಯಲ್ಲಿ ಪ್ರತಿ ಹೆಜ್ಜೆಗೂ ಹಿಂದೆ ಅವಳ ಹೆಜ್ಜೆ ಕೇಳಿದಂತಾಗುತ್ತಿತ್ತು. ಸೇತುವೆಯ ಮೇಲೆ ತಿರುಗಿ ನೋಡಿದರೆ ಹಳದಿ ಟೋಪಿ ನಿಜವಾಗಿಯೂ ಬರುತ್ತಿತ್ತು. ಕೊನೆಯ ಕಿಲೋಮೀಟರಿನಲ್ಲಿ ಬಾಯಿಯಲ್ಲಿ ರಕ್ತದ ರುಚಿ. ಗೆರೆ ದಾಟಿ ಮಂಡಿಯೂರಿ ಕೂತೆ. ಒಂದು ನಿಮಿಷ ನಲವತ್ತು ಸೆಕೆಂಡಿನ ಮೇಲೆ ಅವಳು ಬಂದಳು.

ಅತ್ತೆ ಗಡಿಯಾರ ನೋಡಿ, ನನ್ನ ನೋಡಿ, "ಪರವಾಗಿಲ್ವೇ, ಇನ್ನೂ ಗಟ್ಟಿ ಇದೀಯ" ಎಂದರು. ಆರು ವರ್ಷದಿಂದ ಕಾದಿದ್ದ ಮಾತು. ಅನುಭವಿಸಲು ಅರ್ಧ ನಿಮಿಷವೂ ಸಿಗಲಿಲ್ಲ, ಅಷ್ಟರಲ್ಲಿ ಅವಳು ಬಂದು ನನ್ನ ತಬ್ಬಿಕೊಂಡು ಸುತ್ತ ನಿಂತವರಿಗೆಲ್ಲ ಕೇಳುವ ಹಾಗೆ ಹೇಳಿದಳು: "ಅಕ್ಕ ಇಲ್ದಿದ್ರೆ ಇವತ್ತು ನನ್ನ ಕಾಲು ಮುರೀತಿತ್ತು. ತಾವೇ ಕಟ್ಟಿದ ಮೆಟ್ಟಿಲು ಸರಿ ಇಲ್ಲ ಅಂತ ಹೇಳೋಕೆ ಎಷ್ಟು ಜನಕ್ಕೆ ಮನಸ್ಸು ಬರುತ್ತೆ? ನಾನಂತೂ ಹಿಂದೆ ಬಂದೋರಿಗೆಲ್ಲ ಕೂಗಿ ಹೇಳ್ದೆ."

"ಯಾರಿಗೆ ಹೇಳ್ದೆ?"

"ಹಿಂದೆ ಬರ್ತಿದ್ದ ಇಬ್ಬರಿಗೆ. ಅವರು ಅವರ ಹಿಂದಿನೋರಿಗೆ ಹೇಳ್ತೀವಿ ಅಂದ್ರು."

ಹೇಳಿದ್ದರು. ಅವರ ಹಿಂದಿನವರು ತಮ್ಮ ಹಿಂದಿನವರಿಗೆ ಉಪ್ಪು ಖಾರ ಹಚ್ಚಿ ಹೇಳಿದ್ದರು. ಆ ದಿನ ಓಡಿದ ನೂರಾ ಎಂಬತ್ತು ಜನರಲ್ಲಿ ನಮಗಿಂತ ಮುಂದಿದ್ದ ಹದಿನೇಳು ಗಂಡಸರನ್ನು, ನನ್ನನ್ನು ಬಿಟ್ಟರೆ, ಆ ಮೆಟ್ಟಿಲಿನ ಮೇಲೆ ಒಬ್ಬರೂ ಕಾಲಿಡಲಿಲ್ಲ. ಸಂಜೆಯ ಹೊತ್ತಿಗೆ ಕಥೆ ಬೆಳೆದು, ಮೆಟ್ಟಿಲು ಕುಸಿದೇ ಹೋಗಿದೆ ಎನ್ನುವವರೂ ಹುಟ್ಟಿಕೊಂಡಿದ್ದರು.

ಕಪ್ಪನ್ನು ಮನೆಗೆ ತಂದೆ. ಈ ಸಲ ಅತ್ತೆ ಅದನ್ನು ಟೀವಿಯ ಮೇಲಿಟ್ಟರು. ನನ್ನ ಗಂಡ ಬಂದು ಹೋದವರಿಗೆಲ್ಲ ತೋರಿಸಿದ. ಮೈದುನ "ಅತ್ತಿಗೆ, ನಮ್ಮ ಜಿಂಕೆಗೆ ಮುಂದಿನ ವರ್ಷ ಆದ್ರೂ ಬಿಟ್ಕೊಡಿ" ಎಂದು ಕಿಚಾಯಿಸಿದ. ಅವಳು ಕಾಲು ಚಾಚಿ ಕೂತು ನಗುತ್ತಿದ್ದಳು. ನಾನು ಬಯಸಿದ್ದೆಲ್ಲ ಒಂದೇ ಕೋಣೆಯಲ್ಲಿತ್ತು. ಆದರೂ ಊಟ ಸೇರಲಿಲ್ಲ. ಸೋತರೂ ಇವಳಿಗೆ ಹೀಗೆ ನಗಲು ಬರುತ್ತದಲ್ಲ, ಗೆದ್ದ ನನಗೆ ಬರುತ್ತಿಲ್ಲವಲ್ಲ ಎಂದು ಅದರ ಮೇಲೂ ಹೊಟ್ಟೆ ಉರಿಯಿತು.

ಮೂರನೆಯ ದಿನ ಬೆಳಿಗ್ಗೆ ಕೋಟೆಯ ಕೆಲಸಕ್ಕೆ ಹೋದರೆ ಮೆಟ್ಟಿಲಿಗೆ ಅಡ್ಡಲಾಗಿ ಕೆಂಪು ಪಟ್ಟಿ ಕಟ್ಟಿದ್ದರು. ಹಳೆಯ ಕಟ್ಟಡಗಳ ಕಚೇರಿಯ ಇಂಜಿನಿಯರು ಫೈಲು ಹಿಡಿದು ನಿಂತಿದ್ದರು. ಪಕ್ಕದಲ್ಲಿ ಮೇಸ್ತ್ರಿ, ತಲೆ ತಗ್ಗಿಸಿಕೊಂಡು. ಕಲ್ಲುಬೆಂಚಿನ ಮೇಲೆ ನನ್ನ ವಾರಗಿತ್ತಿ. ಅಂಗಡಿಗೆ ರಜ ಹಾಕಿ ಬಂದಿದ್ದಳು. ಮೊದಲು ಎಚ್ಚರಿಸಿದ್ದು ಅವಳೇ ಎಂದು ಹೇಳಿಕೆ ಬರೆದುಕೊಡಲು ಅವಳನ್ನು ಕರೆಸಿದ್ದರು.

"ನೀವು ಬಂದಿದ್ದು ಒಳ್ಳೇದಾಯ್ತು" ಎಂದರು ಇಂಜಿನಿಯರು. "ಮೆಟ್ಟಿಲು ಪೂರ್ತಿ ಬಿಚ್ಚಿ ಮತ್ತೆ ಕಟ್ಟಬೇಕು. ಆರ್ಡರ್ ಆಗಿದೆ."

"ಪರೀಕ್ಷೆ ಮಾಡಿದ್ರಾ ಸರ್?" ಎಂದು ಕೇಳಿದೆ.

"ಇನ್ನೇನು ಪರೀಕ್ಷೆ? ಕೂರಿಸಿದೋರೇ ಕೂತಿಲ್ಲ ಅಂತಿದೀರ. ನಾಳೆ ಯಾರಾದ್ರೂ ಬಿದ್ರೆ ನನ್ನ ಕುತ್ತಿಗೆಗೆ ಬರುತ್ತೆ. ನಿಮ್ಮ ಮೇಲೇನೂ ಇಲ್ಲ ಬಿಡಿ, ನೀವು ನಿಜ ಹೇಳಿದೀರ. ಗಾರೆ ಯಾರು ಕಲಸಿದ್ದು ಅನ್ನೋದು ಪ್ರಶ್ನೆ."

ಮೇಸ್ತ್ರಿ ಜೇಬಿನಿಂದ ಒಂದು ಮೊಳೆ ತೆಗೆದು, ಪಟ್ಟಿಯ ಕೆಳಗೆ ಬಗ್ಗಿ, ಎರಡನೆಯ ಮೆಟ್ಟಿಲಿನ ಸಂದನ್ನು ಗೀರಿದರು. ಹಸಿ ಗಾರೆಯಾಗಿದ್ದರೆ ಪುಡಿ ಉದುರಬೇಕು. ಮೊಳೆ ಕಿರ್ ಎಂದು ಜಾರಿತು, ಒಂದು ಚಿಟಿಕೆ ಪುಡಿಯೂ ಬರಲಿಲ್ಲ. ನಾಲ್ಕು ಕಡೆ ಗೀರಿದರು. ಆಮೇಲೆ ಅಲ್ಲೇ ಕುಕ್ಕರಗಾಲಲ್ಲಿ ಕೂತು ಮೊಳೆಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಮೊಳೆಗೆ ಗಟ್ಟೀನೇ ಹತ್ತುತ್ತೆ ಸರ್" ಎಂದರು. "ಆದ್ರೆ ಇವಳು ಒಳಗೆ ಹಸಿ ಅಂದ್ರೆ ಹಸೀನೇ. ಮೊಳೆ ತಪ್ಪು ಹೇಳ್ಬಹುದು, ಇವಳು ಹೇಳಲ್ಲ. ಕಲಸಿದ್ದು ನಾನು. ಎರಡು ವರ್ಷದಿಂದ ಕಣ್ಣು ಮಂಜು, ಯಾರಿಗೂ ಹೇಳಿರ್ಲಿಲ್ಲ. ಮರಳಿನ ಪಾಲು ತಪ್ಪಿರ್ಬೇಕು. ನನ್ನ ಹೆಸರೇ ಬರ್ಕೊಳ್ಳಿ. ನಾಳೆಯಿಂದ ನಾನು ಬರಲ್ಲ."

ನಲವತ್ತು ವರ್ಷ ಸುಣ್ಣದಲ್ಲಿ ಬೆಂದ ಕೈ. ನನಗೆ ಕರಣೆ ಹಿಡಿಯಲು ಕಲಿಸಿದ ಕೈ. ತಾನು ಕಲಸಿದ ಗಾರೆಯನ್ನು, ತನ್ನ ಕಣ್ಣೆದುರಿನ ಮೊಳೆಯನ್ನು ನಂಬದೆ ನನ್ನ ಮಾತನ್ನು ನಂಬಿದ್ದರು. ಒಂದು ಗಳಿಗೆ ನಾನು ಸುಮ್ಮನಿದ್ದೆ, ಅದನ್ನೂ ಒಪ್ಪಿಕೊಳ್ಳುತ್ತೇನೆ. ಕಪ್ಪು ಟೀವಿಯ ಮೇಲಿತ್ತು. ಮೇಸ್ತ್ರಿಗೆ ಹೇಗೂ ವಯಸ್ಸಾಯಿತು ಎಂದೂ ಮನಸ್ಸು ಹೇಳಿತು. ಅಷ್ಟು ಕೆಳಗೆ ಇಳಿದೆ.

"ನೀವು ಇಲ್ಲಿ ಸಹಿ ಹಾಕಿ" ಎಂದು ಇಂಜಿನಿಯರು ಅವಳಿಗೆ ಪೆನ್ನು ಕೊಟ್ಟರು. ಅವಳು ಪೆನ್ನು ಹಿಡಿದು ನನ್ನ ಕಡೆ ನೋಡಿದಳು. "ಅಕ್ಕ, ಮೇಸ್ತ್ರಿಗೆ ತೊಂದ್ರೆ ಆಗದ ಹಾಗೆ ಹೇಗೆ ಬರೀಲಿ? ನೀವೇ ಹೇಳಿ."

"ಬರೀಬೇಡ" ಎಂದೆ. "ಸುಳ್ಳು ಅದು."

"ಯಾವುದು ಸುಳ್ಳು?" ಇಂಜಿನಿಯರು ಕೇಳಿದರು.

"ಮೆಟ್ಟಿಲು ಕೂತಿದೆ ಸರ್. ಕೂತು ತಿಂಗಳಾಯ್ತು. ಗಾರೇಲಿ ಒಂದು ಹಿಡಿ ಮರಳೂ ಹೆಚ್ಚಿಲ್ಲ. ಇವಳು ಮೆಟ್ಟಿಲು ಇಳಿದ್ರೆ ಮುಂದೆ ಹೋಗ್ತಾಳೆ ಅಂತ ನಾನು ಸುಳ್ಳು ಹೇಳ್ದೆ. ಗೆಲ್ಲೋಕೆ."

ಇಂಜಿನಿಯರು ಪೆನ್ನು ವಾಪಸು ತೆಗೆದುಕೊಂಡು ಕ್ಯಾಪು ಹಾಕಿದರು. "ಓಟದ ಸಮಿತಿಗೆ ಯಾರು ತಿಳಿಸ್ತೀರ?" ಎಂದರು.

"ನಾನೇ ಹೋಗಿ ಹೇಳ್ತೀನಿ. ಕಪ್ಪೂ ಕೊಟ್ಟು ಬರ್ತೀನಿ."

ಮೇಸ್ತ್ರಿ ಬೈದಿದ್ದರೆ ಚೆನ್ನಾಗಿತ್ತು. ಅವರು ಮತ್ತೆ ಮೊಳೆ ತೆಗೆದುಕೊಂಡು ಅದೇ ಸಂದನ್ನು ಗೀರಿದರು, ಮೂರನೆಯ ಮೆಟ್ಟಿಲನ್ನೂ ಗೀರಿದರು, ನಾಲ್ಕನೆಯದನ್ನೂ. ಗಟ್ಟಿ ಇದೆ ಎಂದು ನಾನು ಆಗಷ್ಟೇ ಹೇಳಿದ್ದೆ. ಈಗ ಮೊಳೆ ಹೇಳಿದರೆ ಮಾತ್ರ ಅವರಿಗೆ ನಂಬಿಕೆ. ಇಂಜಿನಿಯರು ಅವರ ಹಿಂದೆ ಒಂದೊಂದೇ ಮೆಟ್ಟಿಲು ಇಳಿದು ಹೋದರು.

ನಾವಿಬ್ಬರೇ ಉಳಿದೆವು. ಅವಳು ಬೆಂಚಿನಿಂದ ಎದ್ದಿರಲಿಲ್ಲ. ಕೂಗಾಡುತ್ತಾಳೆ ಎಂದು ಕಾದೆ. ಕೂಗಾಡಿದರೆ ನನಗೂ ತಿರುಗಿ ನಾಲ್ಕು ಮಾತು ಆಡಲು ದಾರಿ ಸಿಗುತ್ತಿತ್ತು.

"ಅಂಗಡಿಗೆ ಬಂದೋರಿಗೆಲ್ಲ ಹೇಳಿದೀನಿ ಅಕ್ಕ" ಎಂದಳು ಕೊನೆಗೆ. "ನಮ್ಮಕ್ಕನಿಗಿಂತ ಒಂದು ನಿಮಿಷ ನಲವತ್ತು ಸೆಕೆಂಡು ಹಿಂದೆ ಬಂದೆ ಅಂತ. ಅಷ್ಟು ಹತ್ತಿರ ಬಂದೆ ಅಂತ. ಇನ್ನೇನು ಹೇಳ್ಲಿ?"

"ಗೆದ್ದೆ ಅಂತ ಹೇಳು. ಗೆದ್ದಿದ್ದು ನೀನೇ."

"ಅದನ್ನ ನಾನು ಓಡಿ ತಗೊಳ್ಳಲಿಲ್ವಲ್ಲ." ಅವಳು ಮೆಟ್ಟಿಲಿನ ಕಡೆ ಕೈ ತೋರಿಸಿದಳು. "ನನ್ನ ವಿಷಯ ಹಾಗಿರಲಿ. ಐದು ತಿಂಗಳು ಕೈ ಒಡಕೊಂಡು ಕಟ್ಟಿದ್ದನ್ನ ಕೆಟ್ಟದು ಅನ್ನೋಕೆ ನಿಮಗೆ ಬಾಯಿ ಹೇಗೆ ಬಂತು?"

"ಹೊಟ್ಟೆಕಿಚ್ಚಿಗೆ" ಎಂದೆ. "ನಿನ್ನ ಮೇಲಿನ ಹೊಟ್ಟೆಕಿಚ್ಚಿಗೆ."

"ನನ್ನ ಮೇಲಾ?" ಅವಳಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. ಮೂರು ವರ್ಷ ಒಂದೇ ಸೂರಿನಡಿ ಇದ್ದು, ದಿನ ಬೆಳಗಾದರೆ ನನ್ನ ಪಕ್ಕದಲ್ಲಿ ಓಡಿ, ಅದು ಅವಳ ಕಣ್ಣಿಗೆ ಬಿದ್ದೇ ಇರಲಿಲ್ಲ. "ನನ್ನ ಹತ್ರ ಏನಿದೆ ಅಕ್ಕ? ಓಡೋದೊಂದು. ಅದೂ ನೀವು ಕೊಟ್ಟಿದ್ದೇ."

"ಅದಕ್ಕೇ ಕಣೇ" ಎಂದೆ.

ಅವಳು ನನ್ನ ಮುಖವನ್ನೇ ನೋಡುತ್ತಾ ಕೂತಳು. ಅವಳಿಗೆ ಅದು ಅರ್ಥವಾಗಲಿಲ್ಲ. ಅರ್ಥವಾಗಬೇಕಾದ ಅಗತ್ಯವೇ ಬಾರದ ಹಾಗೆ ಒಬ್ಬಳು ಮೂವತ್ತೊಂದು ವರ್ಷ ಬದುಕಿದ್ದಾಳಲ್ಲ ಎಂದು ನನಗೆ ಮತ್ತೆ ಹೊಟ್ಟೆ ಉರಿಯಿತು.